ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡೆ, ಈಗ ತೊಡೆಯಲ್ಲಿ ಶಕ್ತಿಯೇ ಇಲ್ಲ. ಅದರಿಂದಾನಾ?

ಪ್ರಶ್ನೆ: ನನಗೆ 56 ವರ್ಷ. ಎರಡು ತಿಂಗಳ ಹಿಂದೆ ಬಲ ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡೆ. ನೋವು ಕಮ್ಮಿಯಾಯಿತು. ಆದರೆ ಈಗ ನೆಲದ ಮೇಲೆ ಕೂತರೆ ಕೈ ಊರದೆ ಏಳಲು ಆಗುವುದಿಲ್ಲ. ಇಂಜೆಕ್ಷನ್‌ನಿಂದ ಹೀಗಾಗುತ್ತಾ?

ಉತ್ತರ: ಮೊದಲು ಒಂದು ಟೈಲರ್ ಟೇಪ್ ತನ್ನಿ. ಮಂಡಿ ಚಿಪ್ಪಿನಿಂದ 10 ಸೆಂಟಿಮೀಟರ್ ಮೇಲೆ, ಎರಡೂ ತೊಡೆಯ ಸುತ್ತಳತೆ ನೋಡಿ. ಬಲ ತೊಡೆ ಮಾತ್ರ ಸಣ್ಣಗಾಗಿದ್ದರೆ ಇಂಜೆಕ್ಷನ್‌ಗಿಂತ ಮಂಡಿ ನೋವಿನ ಮೇಲೇ ಅನುಮಾನ ಜಾಸ್ತಿ. ನೋವಿರುವ ಕಾಲಿನ ಮೇಲೆ ನಾವು ಗೊತ್ತಿಲ್ಲದೆಯೇ ಭಾರ ಹಾಕುವುದಿಲ್ಲ, ಅಲ್ವಾ? ತಿಂಗಳುಗಟ್ಟಲೆ ಕೆಲಸವಿಲ್ಲದ ಸ್ನಾಯು ಸೊರಗುತ್ತದೆ. ಇಂಜೆಕ್ಷನ್ ನೋವು ಇಳಿಸುತ್ತದೆ, ಹೋದ ಶಕ್ತಿಯನ್ನು ತಂದುಕೊಡುವುದಿಲ್ಲ.

ಸ್ಟೀರಾಯ್ಡ್‌ನಿಂದ ಬರುವ ನಿಶ್ಶಕ್ತಿಯ ರೀತಿಯೇ ಬೇರೆ. ಅದು ಎರಡೂ ಕಡೆ ಬರುತ್ತದೆ. ಸೊಂಟ, ತೊಡೆ, ಆಮೇಲೆ ಭುಜ. ಮೆಟ್ಟಿಲು ಹತ್ತುವಾಗ ಕಂಬಿ ಬೇಕಾಗುತ್ತದೆ, ತಲೆ ಬಾಚುವಾಗ ಕೈ ಸೋಲುತ್ತದೆ. ನೋವು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಸ್ಟೀರಾಯ್ಡ್ ಸ್ನಾಯುವಿನ ಪ್ರೋಟೀನನ್ನು ಒಡೆಯುತ್ತದೆ, ಹೊಸದು ಕಟ್ಟುವುದಕ್ಕೂ ಅಡ್ಡಿ ಮಾಡುತ್ತದೆ. ಥಟ್ಟನೆ ಏಳಲು ಬೇಕಾದ ಎಳೆಗಳಿಗೇ ಮೊದಲ ಪೆಟ್ಟು. ಸ್ನಾಯುವಿಗೆ ಮಾಡುವ ಸಿಪಿಕೆ ರಕ್ತಪರೀಕ್ಷೆ ಇದರಲ್ಲಿ ಹೆಚ್ಚಾಗಿ ನಾರ್ಮಲ್ ಬರುತ್ತದೆ. ಹಾಗಾಗಿ ರಿಪೋರ್ಟ್ ನೋಡಿ ‘ಏನೂ ಇಲ್ಲ’ ಎಂದು ಬಿಡುವ ಹಾಗಿಲ್ಲ.

ಆದರೆ ಇದು ಸಾಮಾನ್ಯವಾಗಿ ಆಗುವುದು ದಿನಕ್ಕೆ 30-40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ವಾರಗಟ್ಟಲೆ ನುಂಗುವವರಿಗೆ. ಮಂಡಿಗೆ ಹಾಕಿದ ಮದ್ದು ಬಹುಪಾಲು ಕೀಲಿನಲ್ಲೇ ಕೆಲಸ ಮಾಡುತ್ತದೆ. ಸ್ವಲ್ಪ ರಕ್ತಕ್ಕೂ ಸೇರುತ್ತದೆ, ಶುಗರ್ ಇರುವವರಿಗೆ ಕೆಲವು ದಿನ ಶುಗರ್ ಏರುವುದು ಅದಕ್ಕೇ. ಒಂದೇ ಇಂಜೆಕ್ಷನ್‌ನಿಂದ ತೊಡೆ ಸೋಲುವುದು ತೀರಾ ಅಪರೂಪ.

ನಿಜವಾದ ಲೆಕ್ಕ ತಪ್ಪುವುದು ಇಲ್ಲಿ. ಮಂಡಿಗೆ ಒಬ್ಬ ಡಾಕ್ಟರ್, ಬೆನ್ನಿಗೆ ಇನ್ನೊಬ್ಬರು, ಅಲರ್ಜಿಗೆ ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ‘ಒಂದು ಡೆಕ್ಸಾ’, ದಮ್ಮಿಗೆ ಮಾತ್ರೆ. ಎಲ್ಲದರಲ್ಲೂ ಸ್ಟೀರಾಯ್ಡ್ ಇರಬಹುದು, ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಡೆಕ್ಸಾಮೆಥಾಸೋನ್ (ಅದೇ ‘ಡೆಕ್ಸಾ’), ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್‌ಗಳಿಗೆ ಸ್ನಾಯು ಸೊರಗಿಸುವ ಗುಣ ಪ್ರೆಡ್ನಿಸೊಲೋನ್‌ಗಿಂತ ಜಾಸ್ತಿ. ಹೆಸರಿಲ್ಲದ ಪೊಟ್ಟಣದ ‘ವಾತದ ಪುಡಿ’ ತಿನ್ನುತ್ತಿದ್ದರೆ ಅದನ್ನೂ ಹೇಳಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಎಲ್ಲ ಚೀಟಿಗಳನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿ ತೋರಿಸಿ. ವಿಟಮಿನ್ ಡಿ, ಥೈರಾಯ್ಡ್, ಪೊಟ್ಯಾಸಿಯಂ ಕೂಡ ನೋಡಿಸಿ. ಇವು ಏರುಪೇರಾದರೂ ತೊಡೆ ಹೀಗೇ ಸೋಲುತ್ತದೆ.

ತುಂಬಾ ದಿನದಿಂದ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಇದನ್ನು ಓದಿ ಸುಮ್ನೆ ನಿಲ್ಲಿಸಿಬಿಡಬೇಡಿ. ಥಟ್ಟನೆ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯವಾಗಬಹುದು. ಡಾಕ್ಟರ್ ನಿಧಾನವಾಗಿ ಇಳಿಸುತ್ತಾರೆ. ಇಳಿಸಿದ ಮೇಲೆ ಶಕ್ತಿ ಮರಳಲು ವಾರಗಳೋ ತಿಂಗಳುಗಳೋ ಬೇಕು.

ಬೆನ್ನಿಗೆ ಇಂಜೆಕ್ಷನ್ ಆದ ಮೇಲೆ ಕಾಲು ಸೋತರೆ ಅಥವಾ ಮೂತ್ರ ಕಟ್ಟಿದರೆ ಕಾಯಬೇಡಿ, ಅದೇ ಗಂಟೆ ಆಸ್ಪತ್ರೆಗೆ ಓಡಿ. ಮಂಡಿ ಕೆಂಪಾಗಿ ಊದಿ ಜ್ವರ ಬಂದರೂ ಅಷ್ಟೇ.

ನಿಮ್ಮದು ಒಂದೇ ಕಡೆಯ ಸೊರಗಾದರೆ ಫಿಸಿಯೋಥೆರಪಿ ಸಾಕಾಗಬಹುದು. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಐದು ಎಣಿಸುವವರೆಗೆ ಒತ್ತುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಇಂಥವು. ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಹಿಂದಕ್ಕೆ ಜಾರುತ್ತದೆ.