ಗಾಜಿನ ಮೇಲೆ ಬೆಳೆಯಬೇಕಾದ ಪದರ ಬೀಕರಿನ ತಳ ಸೇರದಿರಲು

ಸಿರಾಮಿಕ್ ಎಂದೊಡನೆ ಕುಲುಮೆಯನ್ನೇ ನೆನೆಯುವ ವಿದ್ಯಾರ್ಥಿಗಳಿಗೆ, ಬರೀ 50 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಟೈಟಾನಿಯಂ ಡೈಆಕ್ಸೈಡ್‌ನ ತೆಳುಪದರ ಬೆಳೆಯುತ್ತದೆಂದರೆ ನಂಬಿಕೆ ಬರುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಮಕ್ಕಳಿಗೆ ನಾನು ಅವರ ಮನೆಯ ಹಂಡೆಯ ಒಳಮೈಯನ್ನು ನೆನಪಿಸುತ್ತೇನೆ. ಬೋರಿನ ಗಡಸು ನೀರು ಕಾದಂತೆಲ್ಲ ಅಲ್ಲಿ ಕಟ್ಟುವ ಬಿಳಿ ಹೆಪ್ಪಳಿಕೆ, ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ, ಕಾರ್ಬೊನೇಟಾಗಿ ಹೊರಬಿದ್ದು ಬೆಳೆದ ಪದರವೇ.

ಅತಿಸಂತೃಪ್ತ, ಎಂದರೆ ಹಿಡಿದಿಡಬಲ್ಲದ್ದಕ್ಕಿಂತ ಹೆಚ್ಚು ವಸ್ತು ಕರಗಿರುವ, ದ್ರಾವಣದಿಂದ ಹೊರಬೀಳುವ ಘನವಸ್ತು ನೀರಿನ ನಡುವೆಯೇ ಹೊಸ ಕಣವಾಗಬಹುದು, ಇಲ್ಲವೇ ಇರುವ ಮೇಲ್ಮೈಯನ್ನು ಆಶ್ರಯಿಸಬಹುದು. ಎರಡನೆಯದಕ್ಕೆ ಕಡಿಮೆ ಶಕ್ತಿ ಸಾಕಾದ್ದರಿಂದ, ಅತಿಸಂತೃಪ್ತತೆ ಅಲ್ಪವಾಗಿರುವವರೆಗೆ ಗಾಜಿನ ಮೇಲೆ ಪದರ ಬೆಳೆಯುತ್ತದೆ. ಅದು ಮಿತಿ ಮೀರಿದರೆ ದ್ರಾವಣ ಕದಡಿ ಪುಡಿಯೆಲ್ಲ ತಳಕ್ಕಿಳಿಯುತ್ತದೆ. ಈ ವಿದ್ಯೆಯ ಕೌಶಲವೆಲ್ಲ ಆತುರವನ್ನು ತಡೆಯುವುದರಲ್ಲಿದೆ.

1988ರಲ್ಲಿ ಜಪಾನಿನ ನಾಗಾಯಾಮ ಮತ್ತು ಸಂಗಡಿಗರು ಸಿಲಿಕಾ ಪದರಕ್ಕಾಗಿ ಪ್ರಕಟಿಸಿದ ವಿಧಾನ ಈ ತಡೆಯನ್ನು ಸೊಗಸಾಗಿ ಸಾಧಿಸುತ್ತದೆ. ಟೈಟಾನಿಯಂಗೆ ಅದನ್ನು ಅನ್ವಯಿಸುವಾಗ ಅಮೋನಿಯಂ ಹೆಕ್ಸಾಫ್ಲೋರೋಟೈಟನೇಟ್ ದ್ರಾವಣಕ್ಕೆ ಬೋರಿಕ್ ಆಮ್ಲ ಸೇರಿಸುತ್ತೇವೆ. ಬೋರಿಕ್ ಆಮ್ಲವು ಟೈಟಾನಿಯಂಗೆ ಅಂಟಿದ್ದ ಫ್ಲೋರೈಡನ್ನು ಫ್ಲೋರೋಬೋರೇಟಾಗಿ ಕಟ್ಟಿಹಾಕುತ್ತಾ ಹೋದಂತೆ, ಟೈಟಾನಿಯಂ ನಿಧಾನವಾಗಿ ಬಿಡುಗಡೆಯಾಗಿ ಆಕ್ಸೈಡ್ ಆಗುತ್ತದೆ. ದ್ರಾವಣ ಆಮ್ಲೀಯವಾಗಿರುವುದರಿಂದ ಆಕ್ಸೈಡ್‌ಗೆ ಧನ ಆವೇಶ, ಗಾಜಿಗೆ ಋಣ ಆವೇಶ. ಅಂಟಿಕೊಳ್ಳಲು ಇದೂ ಒಂದು ಕಾರಣ. ಪದರ ದಪ್ಪವಾದಂತೆ ಗಾಜಿನಿಂದ ಪ್ರತಿಫಲಿಸುವ ಬಣ್ಣ ಬದಲಾಗುವುದನ್ನು ಬರಿಗಣ್ಣಿನಿಂದಲೇ ನೋಡಬಹುದು. ಜಿಂಕ್ ಆಕ್ಸೈಡ್‌ನಲ್ಲಿ ಇದೇ ನಿಧಾನವನ್ನು ಹೆಕ್ಸಾಮಿನ್ ಒದಗಿಸುತ್ತದೆ: ಅದು ಸುಮಾರು 90 ಡಿಗ್ರಿಯಲ್ಲಿ ಒಡೆದು ಅಮೋನಿಯಾವನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ; ದ್ರಾವಣ ಮೆಲ್ಲಗೆ ಕ್ಷಾರೀಯವಾದಂತೆ ಆಕ್ಸೈಡ್ ಹೊರಬೀಳುತ್ತದೆ.

ನಮ್ಮ ಭಾಗದ ಪ್ರಯೋಗಾಲಯಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ನೀರನ್ನು. ಗಾಜನ್ನು ನಲ್ಲಿ ನೀರಿನಲ್ಲಿ ತೊಳೆದು ಹಾಗೆಯೇ ಅದ್ದಿದರೆ, ಗಾಜಿನ ಮೇಲೆ ಉಳಿದ ಕ್ಯಾಲ್ಸಿಯಂ, ದ್ರಾವಣದ ಫ್ಲೋರೈಡಿನೊಡನೆ ಕೂಡಿ ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಆಗುತ್ತದೆ; ಪದರದಲ್ಲಿ ಕಾಣುವ ಬಿಳಿ ಚುಕ್ಕೆಗಳಿಗೆ ಉಷ್ಣತೆಯನ್ನು ದೂರುವ ಮೊದಲು ಇದನ್ನು ಪರಿಶೀಲಿಸಬೇಕು. ಕೊನೆಯ ತೊಳೆತ ಅಯಾನುರಹಿತ (ಕರಗಿದ ಲವಣಗಳನ್ನು ತೆಗೆದ) ನೀರಿನಲ್ಲೇ ಆಗಲಿ. ಗಾಜನ್ನು ಮಲಗಿಸದೆ ನೇರವಾಗಿ ತೂಗುಹಾಕಿದರೆ ದ್ರಾವಣದಲ್ಲಿ ಹುಟ್ಟಿದ ಕಣಗಳು ಅದರ ಮೇಲೆ ಕೂರುವುದಿಲ್ಲ. ಪಾತ್ರೆ ಗಾಜಿನದಾಗಿರದೆ ಪಾಲಿಪ್ರೊಪಿಲೀನ್ ಅಥವಾ ಟೆಫ್ಲಾನ್‌ನದಾಗಿರಲಿ, ಏಕೆಂದರೆ ಫ್ಲೋರೈಡ್ ಗಾಜನ್ನು ತಿನ್ನುತ್ತದೆ.

ಈ ದ್ರಾವಣದಲ್ಲಿ ಹೈಡ್ರೋಫ್ಲೋರಿಕ್ ಆಮ್ಲದ ಅಂಶವಿರುತ್ತದೆ. ಆದ್ದರಿಂದ ಕೈಗವಸಿನ ಜೊತೆಗೆ, ಆ ಆಮ್ಲ ಚರ್ಮಕ್ಕೆ ತಾಗಿದರೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಂತಿರಲೇಬೇಕು. ಬಳಸಿದ ದ್ರಾವಣವನ್ನು ಮೋರಿಗೆ ಚೆಲ್ಲಬಾರದು. ಸುಣ್ಣ ಹಾಕಿ ಫ್ಲೋರೈಡನ್ನು ತಳಕ್ಕಿಳಿಸಿದರೆ ಸಾಕೆಂಬ ಭರವಸೆಯೂ ಇಲ್ಲಿ ಸಲ್ಲದು, ಏಕೆಂದರೆ ಫ್ಲೋರೋಬೋರೇಟ್ ಸುಣ್ಣಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಬಳಸಿದ ದ್ರಾವಣವನ್ನು ಪ್ಲಾಸ್ಟಿಕ್ ಕ್ಯಾನಿನಲ್ಲಿ ಬೇರೆಯಾಗಿ ಕೂಡಿಟ್ಟು, ಮೇಲೆ ಹೆಸರು ಬರೆದು, ಅಪಾಯಕಾರಿ ತ್ಯಾಜ್ಯವಾಗಿಯೇ ಒಪ್ಪಿಸಬೇಕು.