ಪ್ಲೇಟ್ ರೀಡರ್‌ನಲ್ಲಿ ಬ್ರಾಡ್‌ಫೋರ್ಡ್: 5 ಮೈಕ್ರೋಲೀಟರ್‌ನಲ್ಲೇ ಎಲ್ಲ ಇದೆ

ವೆಸ್ಟರ್ನ್ ಬ್ಲಾಟ್‌ಗೆ (ಜೆಲ್‌ನಲ್ಲಿ ಪ್ರೋಟೀನ್‌ಗಳನ್ನು ಬೇರ್ಪಡಿಸಿ, ಬೇಕಾದದ್ದನ್ನು ಆ್ಯಂಟಿಬಾಡಿಯಿಂದ ಗುರುತಿಸುವ ವಿಧಾನ) ಮುಂಚೆ ಪ್ರತಿ ಸ್ಯಾಂಪಲ್‌ನಲ್ಲೂ ಎಷ್ಟು ಪ್ರೋಟೀನ್ ಇದೆ ಅಂತ ಗೊತ್ತಿರಬೇಕು. ಇಲ್ಲದಿದ್ದರೆ ಜೆಲ್‌ಗೆ ಸಮನಾಗಿ ಲೋಡ್ ಮಾಡುವುದು ಹೇಗೆ? ಇದಕ್ಕೆ ನಮ್ಮಲ್ಲಿ ಹೆಚ್ಚಾಗಿ ಮಾಡುವುದು ಬ್ರಾಡ್‌ಫೋರ್ಡ್ ಅಸ್ಸೇ, ಅಂದರೆ ಬಣ್ಣ ಬದಲಾಗುವುದನ್ನು ನೋಡಿ ಪ್ರೋಟೀನ್ ಅಳೆಯುವ ಪರೀಕ್ಷೆ. ಮೇರಿಯನ್ ಬ್ರಾಡ್‌ಫೋರ್ಡ್ 1976ರಲ್ಲಿ ಪ್ರಕಟಿಸಿದ ವಿಧಾನ ಇದು.

ಕೆಲಸ ಮಾಡುವುದು ಕೂಮಾಸಿ ಬ್ರಿಲಿಯಂಟ್ ಬ್ಲೂ ಜಿ-250 ಎಂಬ ಬಣ್ಣ. ಆಮ್ಲದಲ್ಲಿ ಅದು ಕೆಂಪು-ಕಂದಾಗಿರುತ್ತದೆ, 465 ನ್ಯಾನೋಮೀಟರ್ ಹತ್ತಿರ ಬೆಳಕು ಹೀರುತ್ತದೆ. ಪ್ರೋಟೀನಿಗೆ, ಮುಖ್ಯವಾಗಿ ಅದರಲ್ಲಿರುವ ಅರ್ಜಿನೀನ್ ಎಂಬ ಅಮೈನೋ ಆಮ್ಲಗಳಿಗೆ, ಅಂಟಿಕೊಂಡರೆ ನೀಲಿಯಾಗುತ್ತದೆ. ಆಗ ಹೀರುವುದು 595ರಲ್ಲಿ. ನಾವು ಓದುವುದೂ ಅಲ್ಲೇ.

ಈಗ ಪ್ಲೇಟಿನ ವಿಷಯ. ಕ್ಯುವೆಟ್‌ನಲ್ಲಿ, ಅಂದರೆ ದ್ರವ ತುಂಬಿ ಬೆಳಕು ಹಾಯಿಸುವ ಚಿಕ್ಕ ಚೌಕ ಪಾತ್ರೆಯಲ್ಲಿ, ಬೆಳಕು ಅಡ್ಡಲಾಗಿ ಹೋಗುತ್ತದೆ, ದಾರಿ ಯಾವಾಗಲೂ 1 ಸೆಂಟಿಮೀಟರ್. 96 ವೆಲ್ (ಚಿಕ್ಕ ಗುಳಿ) ಇರುವ ಪ್ಲೇಟನ್ನು ಓದುವ ಯಂತ್ರ ಪ್ಲೇಟ್ ರೀಡರ್; ಅದರಲ್ಲಿ ಬೆಳಕು ಲಂಬವಾಗಿ ಹಾಯುತ್ತದೆ. ಹಾಗಾಗಿ ದ್ರವ ಎಷ್ಟು ಎತ್ತರ ನಿಂತಿದೆಯೋ ಅಷ್ಟೇ ಅದರ ದಾರಿ. ಪುನರ್ಪುಳಿ ಶರಬತ್ತನ್ನು ನೇರ ಗೋಡೆಯ ಗ್ಲಾಸಿಗೆ ಹಾಕಿ ನೀರು ಸೇರಿಸಿ ನೋಡಿ. ಪಕ್ಕದಿಂದ ಬಣ್ಣ ತೆಳುವಾಯಿತು ಅನ್ನಿಸುತ್ತದೆ. ಮೇಲಿನಿಂದ ಇಣುಕಿದರೆ ಮೊದಲಿನಷ್ಟೇ ಗಾಢ! ಬಣ್ಣ ತೆಳುವಾದಷ್ಟೇ ಎತ್ತರ ಜಾಸ್ತಿಯಾಗಿದೆ, ಅಲ್ವಾ?

ಅಂದರೆ ರೀಡರ್ ನೋಡುವುದು ವೆಲ್ ಒಳಗೆ ಒಟ್ಟು ಎಷ್ಟು ನೀಲಿ ಇದೆ ಅಂತ. ಸಾಮಾನ್ಯವಾಗಿ 5 ಮೈಕ್ರೋಲೀಟರ್ ಸ್ಯಾಂಪಲ್‌ಗೆ 250 ಮೈಕ್ರೋಲೀಟರ್ ರೀಜೆಂಟ್ (ಆ ಬಣ್ಣದ ಆಮ್ಲೀಯ ದ್ರಾವಣ) ಹಾಕುತ್ತೇವೆ. ರೀಜೆಂಟ್ 5 ಮೈಕ್ರೋಲೀಟರ್ ಹೆಚ್ಚಾದರೆ ಅದು ಶೇ. 2ರ ತಪ್ಪು, ಪೆಟ್ಟು ಸಣ್ಣದು. ಸ್ಯಾಂಪಲ್ ಒಂದೇ ಮೈಕ್ರೋಲೀಟರ್ ಹೆಚ್ಚಾದರೂ ಉತ್ತರ ನೇರವಾಗಿ ಶೇ. 20 ಏರುತ್ತದೆ. ಎಚ್ಚರ ಎಲ್ಲಾದರೂ ಬೇಕಿದ್ದರೆ ಇಲ್ಲಿ. ಟಿಪ್‌ನ ಹೊರಗೆ ಹನಿ ಅಂಟಿದೆಯಾ ನೋಡಿ, ವೆಲ್‌ನ ತಳಕ್ಕೆ ಮುಟ್ಟಿಸಿ ಬಿಡಿ. ಪ್ರತಿಯೊಂದನ್ನೂ ಮೂರು ವೆಲ್‌ಗೆ ಹಾಕಿ. ಗುಳ್ಳೆ ಬಂದರೆ ಸೂಜಿಯಿಂದ ಒಡೆಯಿರಿ. ಗುಳ್ಳೆ ಬೆಳಕನ್ನು ಚದುರಿಸುತ್ತದೆ, ರೀಡಿಂಗ್ ಸುಮ್ನೆ ಏರುತ್ತದೆ.

ರೀಜೆಂಟನ್ನು ಫ್ರಿಜ್‌ನಿಂದ ತೆಗೆದು ಕೋಣೆಯ ತಾಪಕ್ಕೆ ಬರುವವರೆಗೆ ಬಿಡಿ. ಬಾಟಲಿಯನ್ನು ಕುಲುಕಬೇಡಿ, ಮೆಲ್ಲಗೆ ಮಗುಚಿ. ಬೆರೆಸಿದ ಮೇಲೆ 5ರಿಂದ 10 ನಿಮಿಷ ಕಾದು ಓದಿ. ಒಂದು ಗಂಟೆ ದಾಟಿಸಬೇಡಿ.

ಸ್ಟ್ಯಾಂಡರ್ಡ್‌ಗೆ, ಅಂದರೆ ಪ್ರಮಾಣ ಗೊತ್ತಿರುವ ಹೋಲಿಕೆಯ ದ್ರಾವಣಗಳಿಗೆ, ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್): 0, 125, 250, 500, 750, 1000 ಮೈಕ್ರೋಗ್ರಾಂ ಪ್ರತಿ ಮಿಲಿಲೀಟರ್‌ಗೆ. ಇದು ನಿಮ್ಮ ಸ್ಯಾಂಪಲ್ ಇರುವ ಪ್ಲೇಟ್‌ನಲ್ಲೇ ಇರಬೇಕು. ಹೋದ ವಾರದ ಸ್ಟ್ಯಾಂಡರ್ಡ್‌ಗಳ ರೀಡಿಂಗ್‌ನಿಂದ ಎಳೆದ ಕರ್ವ್ ನಡೆಯುವುದಿಲ್ಲ. ಬ್ಲಾಂಕ್ (ಪ್ರೋಟೀನ್ ಇಲ್ಲದ ವೆಲ್‌ನ ರೀಡಿಂಗ್) ಕಳೆದ ಮೇಲೆ 250ಕ್ಕೆ 0.18, 500ಕ್ಕೆ 0.34 ಬಂತು ಅಂದುಕೊಳ್ಳಿ. ಹತ್ತು ಪಟ್ಟು ತೆಳು ಮಾಡಿದ ನಿಮ್ಮ ಸ್ಯಾಂಪಲ್ 0.30 ಕೊಟ್ಟಿದೆ. 0.18ರಿಂದ 0.34ರ ದಾರಿಯಲ್ಲಿ ಇದು ಮುಕ್ಕಾಲು ಭಾಗ. ಅಂದರೆ ಸುಮಾರು 437. ಹತ್ತರಿಂದ ಗುಣಿಸಿದರೆ 4.4 ಮಿಲಿಗ್ರಾಂ ಪ್ರತಿ ಮಿಲಿಲೀಟರ್‌ಗೆ. ಹತ್ತರಿಂದ ಗುಣಿಸಲು ಮರೆಯುವವರೇ ಜಾಸ್ತಿ, ನಾನೂ ಸೇರಿ.

ಕರ್ವ್ ಮೇಲಿನ ತುದಿಯಲ್ಲಿ ಚಪ್ಪಟೆಯಾಗಿ ಬಾಗುತ್ತದೆ, ಅದು ಈ ವಿಧಾನದ ಗುಣ. ಬಾಗಿದ್ದರ ಮೇಲೆ ಒತ್ತಾಯದಿಂದ ನೇರ ಗೆರೆ ಎಳೆಯಬೇಡಿ. ಸ್ಯಾಂಪಲ್ ಕೊನೆಯ ಸ್ಟ್ಯಾಂಡರ್ಡ್ ದಾಟಿದ್ದರೆ ಇನ್ನಷ್ಟು ತೆಳು ಮಾಡಿ ಮತ್ತೆ ಓದಿ. ಬಿಎಸ್‌ಎ ಈ ಬಣ್ಣವನ್ನು ಬೇರೆ ಹಲವು ಪ್ರೋಟೀನ್‌ಗಳಿಗಿಂತ ಹೆಚ್ಚು ಹಿಡಿಯುತ್ತದೆ ಅನ್ನುವುದೂ ನೆನಪಿರಲಿ. ಆ್ಯಂಟಿಬಾಡಿ ಅಳೆಯುತ್ತಿದ್ದರೆ ಗಾಮಾ ಗ್ಲಾಬ್ಯುಲಿನ್ (ಅದೂ ಆ್ಯಂಟಿಬಾಡಿ ಜಾತಿಯದೇ) ಸ್ಟ್ಯಾಂಡರ್ಡ್ ಒಳ್ಳೆಯದು.

ಮೊದಲ ಸಲ ನಾನು ಬ್ಲಾಂಕ್‌ಗೆ ಬರೀ ನೀರು ಹಾಕಿದ್ದೆ. ಸ್ಯಾಂಪಲ್ ಇದ್ದದ್ದು ಟ್ರೈಟಾನ್ ಎಂಬ ಡಿಟರ್ಜೆಂಟ್ ಇರುವ ಲೈಸಿಸ್ ಬಫರ್‌ನಲ್ಲಿ (ಜೀವಕೋಶ ಒಡೆಯುವ ದ್ರಾವಣ). ಎಲ್ಲ ಸ್ಯಾಂಪಲ್‌ನಲ್ಲೂ ಭರ್ಜರಿ ಪ್ರೋಟೀನ್ ಕಂಡು ಖುಷಿಪಟ್ಟೆ. ಆಮೇಲೆ ಖಾಲಿ ಬಫರ್ ಹಾಕಿ ನೋಡಿದರೆ ಅದೂ ನೀಲಿ! ಬ್ಲಾಂಕ್ ಅಂದರೆ ಪ್ರೋಟೀನ್ ಒಂದನ್ನು ಬಿಟ್ಟು ಮಿಕ್ಕ ಎಲ್ಲವೂ ಇರುವ ದ್ರವ.

ಬಫರ್‌ನಲ್ಲಿ ಎಸ್‌ಡಿಎಸ್ (ಇನ್ನೊಂದು ಡಿಟರ್ಜೆಂಟ್) ಅಥವಾ ಟ್ರೈಟಾನ್ ಜಾಸ್ತಿ ಇದ್ದರೆ ಬಿಸಿಎ ಅಸ್ಸೇಗೆ ಹೋಗಿ; ಅದರಲ್ಲಿ ಪ್ರೋಟೀನ್ ತಾಮ್ರವನ್ನು ಅಪಕರ್ಷಿಸಿ ನೇರಳೆ ಬಣ್ಣ ಬರಿಸುತ್ತದೆ. ಅಲ್ಲಿ 37 ಡಿಗ್ರಿಯಲ್ಲಿ 30 ನಿಮಿಷ ಇಟ್ಟು 562ರಲ್ಲಿ ಓದುತ್ತಾರೆ. ಅಂಚಿನ ವೆಲ್‌ಗಳು ಒಣಗದಂತೆ ಪ್ಲೇಟನ್ನು ಮುಚ್ಚಿಡಿ. ಆದರೆ ಡಿಟಿಟಿ (ಪ್ರೋಟೀನಿನ ಗಂಧಕದ ಬಂಧ ಬಿಡಿಸುವ ಅಪಕರ್ಷಕ) ಹಾಕಿದ ಸ್ಯಾಂಪಲ್ ಆದರೆ ಬಿಸಿಎ ಕೈಕೊಡುತ್ತದೆ. ಡಿಟಿಟಿ ತಾನೇ ತಾಮ್ರವನ್ನು ಅಪಕರ್ಷಿಸಿ ನೇರಳೆ ಬಣ್ಣ ಬರಿಸುತ್ತದೆ. ಅದಕ್ಕೇ ನಾನು ಸ್ಯಾಂಪಲ್‌ನಿಂದ ಸ್ವಲ್ಪ ಭಾಗವನ್ನು ಡಿಟಿಟಿ ಹಾಕುವ ಮುಂಚೆಯೇ ತೆಗೆದಿಡುತ್ತೇನೆ.