ನೂಲು ದುಂಡಗಿಲ್ಲ

ನೇಯ್ದ ಬಟ್ಟೆಯ ಚಿತ್ರವನ್ನು ಗಣಕದಲ್ಲಿ ಮೂಡಿಸುವುದು ದೊಡ್ಡ ಕೆಲಸವೇನಲ್ಲ. ದುಂಡು ಕೊಳವೆಗಳನ್ನು ಮೇಲೆ ಕೆಳಗೆ ಹಾಯಿಸಿ ನೆರಳು ಬೆಳಕು ಕೊಟ್ಟರೆ ನೋಡಿದವರು ತಲೆದೂಗುತ್ತಾರೆ. ಆದರೆ ಕಾರ್ಬನ್ ಬಟ್ಟೆ ಎಷ್ಟು ಎಳೆತ ತಾಳುತ್ತದೆ, ಅದನ್ನು ಗಟ್ಟಿಗೊಳಿಸಲು ಹಾಯಿಸುವ ರಾಳ ಅದರ ಸಂದುಗಳಲ್ಲಿ ಎಷ್ಟು ಬೇಗ ಹರಿಯುತ್ತದೆ ಎಂದು ಲೆಕ್ಕ ಹಾಕಬೇಕಾದವರಿಗೆ ಅಂಥ ಚಿತ್ರ ಏನೇನೂ ಸಾಲದು. ಹಾಸಿನ ಹಾಗೂ ಹೊಕ್ಕಿನ ಪ್ರತಿ ನೂಲೂ ಎಲ್ಲಿದೆ, ಎತ್ತ ವಾಲಿದೆ, ಅಲ್ಲಿ ಅದರ ಅಡ್ಡಕೊಯ್ತದ ಆಕಾರವೇನು ಎಂಬುದು ಅವರಿಗೆ ಅಂಕಿಗಳಲ್ಲೇ ಬೇಕು.

ದುಂಡು ನೂಲಿನ ಕಲ್ಪನೆ ಹುಟ್ಟಿದ್ದು ಮಾತ್ರ ಒಳ್ಳೆಯ ಮನೆತನದಲ್ಲೇ. 1937ರಲ್ಲಿ ಜವಳಿ ವಿಜ್ಞಾನಿ ಎಫ್. ಟಿ. ಪಿಯರ್ಸ್ ಬಟ್ಟೆಯ ರಚನೆಯ ಜ್ಯಾಮಿತಿಯನ್ನು ಬರೆದಾಗ, ನೂಲಿನ ಅಡ್ಡಕೊಯ್ತ ವೃತ್ತವೆಂದೂ ಅದು ಬಾಗುತ್ತದೆಯೇ ಹೊರತು ಅಮುಕಿಕೊಳ್ಳುವುದಿಲ್ಲವೆಂದೂ ಇಟ್ಟುಕೊಂಡು, 11 ಚರಗಳನ್ನು 7 ಸಮೀಕರಣಗಳಲ್ಲಿ ಹೆಣೆದರು. ನಾಲ್ಕು ಗೊತ್ತಿದ್ದರೆ ಉಳಿದ ಏಳನ್ನು ಬಿಡಿಸಬಹುದು. ನಿಜವಾದ ನೂಲು ಮತ್ತೊಂದನ್ನು ದಾಟುವಲ್ಲಿ ಚಪ್ಪಟೆಯಾಗುತ್ತದೆ ಎಂಬುದು ಅವರಿಗೂ ತಿಳಿದಿತ್ತು. 1958ರಲ್ಲಿ ಕೆಂಪ್ ಎಂಬವರು ವೃತ್ತವನ್ನು ನಡುವೆ ಸೀಳಿ, ಎರಡು ಅರೆವೃತ್ತಗಳ ಮಧ್ಯೆ ಒಂದು ಆಯತವನ್ನು ಸೇರಿಸಿ ಓಟದ ಪಥದಂಥ ಆಕಾರವನ್ನು ತಂದರು. ಕಾಗದ ಪೆನ್ಸಿಲ್‌ಗಳಿಂದ ಅದಕ್ಕಿಂತ ಮುಂದೆ ಹೋಗುವುದು ಕಷ್ಟವಿತ್ತು.

ಈಗ ಆ ಕೆಲಸವನ್ನು ಸ್ಕ್ರಿಪ್ಟ್, ಎಂದರೆ ಗಣಕಕ್ಕೆ ಸಾಲುಸಾಲಾಗಿ ಬರೆದ ಆಜ್ಞೆಗಳ ಪಟ್ಟಿ, ಮಾಡುತ್ತದೆ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಮುಕ್ತ ಆಕರದ ಟೆಕ್ಸ್‌ಜೆನ್ ತಂತ್ರಾಂಶಕ್ಕೆ ಪೈಥಾನ್ ಭಾಷೆಯಲ್ಲಿ ಆಜ್ಞೆ ಕೊಡಬಹುದು. ನೂಲು ಸಾಗುವ ದಾರಿಯಲ್ಲಿ ಕೆಲವು ಬಿಂದುಗಳನ್ನು ಗುರುತಿಸಿದರೆ ಅದು ಅವುಗಳ ನಡುವೆ ನಯವಾದ ವಕ್ರರೇಖೆಯನ್ನು ಎಳೆದು, ಹೇಳಿದ ಅಡ್ಡಕೊಯ್ತವನ್ನು ಆ ರೇಖೆಯುದ್ದಕ್ಕೂ ಸಾಗಿಸಿ ನೂಲಿನ ಮೈಯನ್ನು ಕಟ್ಟುತ್ತದೆ. ಇಡೀ ಬಟ್ಟೆಯನ್ನು ಬರೆಯಬೇಕಿಲ್ಲ; ಮರುಕಳಿಸುವ ಒಂದು ತುಣುಕನ್ನು ಕೊಟ್ಟು, ಅದು ಯಾವ ದಿಕ್ಕಿನಲ್ಲಿ ಎಷ್ಟು ದೂರಕ್ಕೆ ಮರುಕಳಿಸುತ್ತದೆ ಎಂದರೆ ಸಾಕು. ನೇಯ್ಗೆಯೂ ಒಂದು ನಿಯಮವೇ ಆದ್ದರಿಂದ ಅದು ಒಂದೇ ಆಜ್ಞೆಯನ್ನು ಮತ್ತೆ ಮತ್ತೆ ನಡೆಸುವ ಲೂಪಿನೊಳಗೆ ಸಲೀಸಾಗಿ ಕೂರುತ್ತದೆ: ಸಾಲು ಮತ್ತು ಕಂಬಗಳ ಸಂಖ್ಯೆಗಳ ಮೊತ್ತ ಬೆಸವಾದಲ್ಲಿ ಹಾಸು ಮೇಲೆ ಎಂದರೆ ಸಾದಾ ನೇಯ್ಗೆ, ಅದೇ ಮೊತ್ತವನ್ನು 4ರಿಂದ ಭಾಗಿಸಿದಾಗ ಶೇಷ 2ಕ್ಕಿಂತ ಕಡಿಮೆಯಾದಲ್ಲಿ ಹಾಸು ಮೇಲೆ ಎಂದರೆ ಓರೆ ಗೆರೆಗಳ ಟ್ವಿಲ್.

ನನಗೆ ಅತ್ಯಂತ ಸೊಗಸಾಗಿ ಕಾಣುವುದು, ಸಾಗುವ ಆ ಅಡ್ಡಕೊಯ್ತಕ್ಕೆ ‘ಮೇಲೆ’ ಯಾವುದು ಎಂಬ ಪ್ರಶ್ನೆ. ವೃತ್ತಕ್ಕೆ ಈ ಚಿಂತೆಯೇ ಇಲ್ಲ, ಹೇಗೆ ತಿರುಗಿಸಿದರೂ ಅದು ವೃತ್ತವೇ. ಒಂದು ಬದಿ ಮಾತ್ರ ಉಬ್ಬಿದ ಆಕಾರಕ್ಕೆ ಹಾಗಲ್ಲ. 1847ರಲ್ಲಿ ಫ್ರೆಂಚ್ ಗಣಿತಜ್ಞ ಫ್ರೆನೆ ತೋರಿಸಿದ ವಿಧಾನದಲ್ಲಿ ಈ ದಿಕ್ಕನ್ನು ವಕ್ರರೇಖೆಯೇ ಹೇಳುತ್ತದೆ: ರೇಖೆ ಯಾವ ಕಡೆಗೆ ಬಾಗಿದೆಯೋ ಆ ಕಡೆಗೆ ಒಂದು ಸದಿಶ, ಎಂದರೆ ದಿಕ್ಕು ತೋರುವ ಬಾಣ. ಅಲೆಯಂತೆ ಏರಿಳಿಯುವ ನೂಲಿನಲ್ಲಿ ಅದು ಶಿಖರದಲ್ಲಿ ಕೆಳಗನ್ನು ತೋರಿಸುತ್ತದೆ, ತಗ್ಗಿನಲ್ಲಿ ಮೇಲನ್ನು. ನಡುವೆ, ಬಾಗು ಬದಲಾಗುವ ಬಿಂದುವಿನಲ್ಲಿ, ವಕ್ರತೆ ಸೊನ್ನೆಯಾಗಿ ಸದಿಶ ತಟಕ್ಕನೆ 180 ಡಿಗ್ರಿ ಮಗುಚಿಕೊಳ್ಳುತ್ತದೆ. ಅದನ್ನೇ ನಂಬಿ ಮೈಯನ್ನು ಕಟ್ಟಿದರೆ, ಪ್ರತಿ ಏರಿಳಿತದ ಮಧ್ಯೆ ನೂಲು ಹಿಂಡಿದ ಒದ್ದೆ ಬಟ್ಟೆಯಂತೆ ತಿರುಚಿಕೊಂಡು ನಿಲ್ಲುತ್ತದೆ. ಆದ್ದರಿಂದ ಟೆಕ್ಸ್‌ಜೆನ್‌ನಲ್ಲಿ ಪ್ರತಿ ಬಿಂದುವಿಗೂ ಸ್ಥಾನ ಮತ್ತು ಸ್ಪರ್ಶರೇಖೆಯ ಜೊತೆಗೆ ‘ಮೇಲೆ’ ಎಂಬ ದಿಕ್ಕನ್ನೂ ಇಡಲಾಗುತ್ತದೆ. ನೂಲನ್ನು ಬೇಕೆಂದೇ ವಾಲಿಸಬೇಕಾದಾಗಲೂ ಒದಗುವುದು ಇದೇ ಸದಿಶ.

ಇಷ್ಟಾದರೂ ಮಾದರಿ ಸರಿಯಾಯಿತೆನ್ನಲಾಗದು. ನೂಲುಗಳ ನಡುವಿನ ಅಂತರ 1 ಮಿ.ಮೀ., ಅಗಲ 0.8, ದಪ್ಪ 0.2, ಅಡ್ಡಕೊಯ್ತ ದೀರ್ಘವೃತ್ತ ಎಂದಿಟ್ಟುಕೊಳ್ಳೋಣ. ದಾಟುವ ಜಾಗದಲ್ಲಿ, ಬಟ್ಟೆಯ ನಡುಮಟ್ಟವನ್ನು ಸೊನ್ನೆ ಎಂದುಕೊಂಡರೆ, ಹೊಕ್ಕಿನ ನಡುರೇಖೆ 0.1 ಮಿ.ಮೀ. ಮೇಲೆ, ಹಾಸಿನದು 0.1 ಮಿ.ಮೀ. ಕೆಳಗೆ, ಎರಡೂ ಸರಿಯಾಗಿ ಮುಟ್ಟುತ್ತವೆ. ಆದರೆ ಹೊಕ್ಕು ಕೊಸೈನ್ ಅಲೆಯಂತೆ ಇಳಿಯುತ್ತಿದ್ದರೆ, ಅಲ್ಲಿಂದ 0.3 ಮಿ.ಮೀ. ಪಕ್ಕದಲ್ಲಿ ಅದರ ತಳ −0.041ಕ್ಕೆ ಬಂದಿರುತ್ತದೆ, ಹಾಸಿನ ಮೇಲ್ಮೈ ಇನ್ನೂ −0.034ರಲ್ಲೇ ಇರುತ್ತದೆ. ಅಂದರೆ ಒಂದು ನೂಲು ಇನ್ನೊಂದರ ಮೈಯೊಳಗೆ 7 ಮೈಕ್ರೋಮೀಟರ್ ಹೊಕ್ಕಿದೆ. ಇಳಿಜಾರನ್ನೂ ಗಣಿಸಿದರೆ ಇನ್ನಷ್ಟು. ಪರದೆಯ ಮೇಲೆ ಇದು ಕಣ್ಣಿಗೆ ಬೀಳುವುದೇ ಇಲ್ಲ, ಆದರೆ ನೂಲಿನೊಳಗೆ ಸಾವಿರಗಟ್ಟಲೆ ಇರುವ ಕಾರ್ಬನ್ ಎಳೆಗಳಲ್ಲಿ ಒಂದರ ದಪ್ಪವೇ ಸುಮಾರು ಅಷ್ಟು. ಒಂದೇ ಜಾಗ ಎರಡು ನೂಲುಗಳಿಗೆ ಸೇರಿದ್ದರೆ ಆಮೇಲಿನ ಒತ್ತಡದ ಲೆಕ್ಕವೆಲ್ಲ ಕೆಡುತ್ತದೆ.

ಅಡ್ಡಕೊಯ್ತವನ್ನು ಅಲ್ಲಲ್ಲಿ ಸವರಿ ಕಿರಿದುಗೊಳಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆದರೆ ಒಳಗಿನ ಎಳೆಗಳು ಕಡಿಮೆಯಾಗುವುದಿಲ್ಲವಲ್ಲ! ಆ ದೀರ್ಘವೃತ್ತದ ಕ್ಷೇತ್ರಫಲ 0.126 ಚದರ ಮಿ.ಮೀ. ಅದರಲ್ಲಿ 7 ಮೈಕ್ರೋಮೀಟರಿನ 3000 ಎಳೆಗಳಿದ್ದರೆ ಅವೇ 0.115 ಚದರ ಮಿ.ಮೀ. ತುಂಬುತ್ತವೆ, ಎಂದರೆ ಶೇ. 92. ಸಮನಾದ ದುಂಡು ಎಳೆಗಳನ್ನು ಎಷ್ಟೇ ಒತ್ತಾಗಿ ಜೋಡಿಸಿದರೂ ಶೇ. 90.7ನ್ನು ಮೀರಲಾಗದು. ಕಿರಿದುಗೊಳಿಸುವ ಮಾತು ಹಾಗಿರಲಿ, ಈ ನೂಲು ಇರುವುದೇ ಅಸಾಧ್ಯವಾಗಿತ್ತು. ತುಂಬುವಿಕೆಯನ್ನು ಶೇ. 70ಕ್ಕೆ ಇಳಿಸಬೇಕಾದರೆ ಅದೇ ದಪ್ಪಕ್ಕೆ ಅಗಲ 1.05 ಮಿ.ಮೀ. ಬೇಕು, ಆಗ ಪಕ್ಕದ ನೂಲು ಅಡ್ಡ ಬರುತ್ತದೆ. ಹೀಗಾಗಿ ಬದಲಾಗಬೇಕಾದ್ದು ಅಂತರವೇ. ಅದನ್ನು ಸ್ಕ್ರಿಪ್ಟಿನ ಮೊದಲ ಸಾಲುಗಳಲ್ಲಿ ಒಂದು ಚರವಾಗಿ ಇಟ್ಟಿದ್ದರೆ 1ರ ಜಾಗದಲ್ಲಿ 1.2 ಎಂದು ಬರೆದು ಮತ್ತೆ ಓಡಿಸಬಹುದು, ಆಮೇಲೆ ಒಳಹೊಕ್ಕ ಜಾಗಗಳನ್ನು ಹೊಸದಾಗಿ ಹುಡುಕಬೇಕು.